ಹೊಗೆಯ ವಾಸನೆ ಬಂದ ಮೇಲಿನ ಎಂಟು ನಿಮಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಆಗಾಗ ನಾಲ್ಕು ಸಾಲಿನ ಸುದ್ದಿಯೊಂದು ಬರುತ್ತದೆ. ಹಾರುತ್ತಿದ್ದ ವಿಮಾನದೊಳಗೆ ಹೊಗೆ ಕಾಣಿಸಿತು, ಪೈಲಟ್ ದಾರಿ ಬದಲಿಸಿ ಹತ್ತಿರದ ನಿಲ್ದಾಣದಲ್ಲಿ ಇಳಿಸಿದರು, ಪ್ರಯಾಣಿಕರೆಲ್ಲ ಸುರಕ್ಷಿತ, ತಪಾಸಣೆಯಲ್ಲಿ ಬೆಂಕಿಯ ಸುಳಿವು ಸಿಗಲಿಲ್ಲ. ಆ ಕೊನೆಯ ಮಾತನ್ನು ಓದಿ, ‘ಹಾಗಾದರೆ ಇಷ್ಟೆಲ್ಲ ರಾದ್ಧಾಂತ ಏಕೆ ಬೇಕಿತ್ತು?’ ಎನ್ನುವವರಿದ್ದಾರೆ. ಹೋಗಬೇಕಾದ ಊರು ಬಿಟ್ಟು ಇನ್ನೆಲ್ಲೋ ರಾತ್ರಿ ಕಳೆಯಬೇಕಾದವರಿಗೆ ಸಿಟ್ಟು ಬರುವುದು ಸಹಜವೇ. ಆದರೂ ಆ ಪೈಲಟ್ ಮಾಡಿದ್ದು ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಏಕೆಂದು ತಿಳಿಯಲು 1983ರ ಜೂನ್ 2ರ ಸಂಜೆಗೆ ಹೋಗಬೇಕು.

ಅಮೆರಿಕದ ಡಲ್ಲಾಸ್‌ನಿಂದ ಕೆನಡಾದ ಟೊರೊಂಟೊಗೆ ಹೊರಟಿದ್ದ ಏರ್ ಕೆನಡಾದ ಡಿಸಿ-9 ವಿಮಾನ ಅದು. ಒಳಗೆ 46 ಮಂದಿ. ಸಂಜೆ ಏಳಕ್ಕೆ ಒಂಬತ್ತು ನಿಮಿಷವಿರುವಾಗ ಹಿಂಭಾಗದ ಶೌಚಾಲಯದ ಮೋಟಾರಿಗೆ ಸೇರಿದ ಮೂರು ಸರ್ಕ್ಯೂಟ್ ಬ್ರೇಕರ್‌ಗಳು, ಅಂದರೆ ವಿದ್ಯುತ್ ಹರಿವು ಮಿತಿಮೀರಿದಾಗ ಅದನ್ನು ಕಡಿದುಹಾಕುವ ಗುಂಡಿಗಳು, ತಾವಾಗಿಯೇ ಕಳಚಿಕೊಂಡವು. ಕ್ಯಾಪ್ಟನ್ ಮತ್ತೆ ಒತ್ತಿ ನೋಡಿದರು, ನಿಲ್ಲಲಿಲ್ಲ. ಏಳು ಗಂಟೆಯ ಹೊತ್ತಿಗೆ ಕೊನೆಯ ಸಾಲಿನಲ್ಲಿ ಕುಳಿತಿದ್ದ ಪ್ರಯಾಣಿಕರೊಬ್ಬರು, ಏನೋ ವಿಚಿತ್ರ ವಾಸನೆ ಬರುತ್ತಿದೆ ಎಂದು ಸಿಬ್ಬಂದಿಗೆ ತಿಳಿಸಿದರು. ಶೌಚಾಲಯದ ಬಾಗಿಲು ತೆರೆದಾಗ ಬೂದು ಹೊಗೆ ಕಂಡಿತು, ಜ್ವಾಲೆ ಎಲ್ಲೂ ಇರಲಿಲ್ಲ. ಬೆಂಕಿ ಆರಿಸುವ ಸಿಲಿಂಡರಿನಿಂದ ಒಳಗೆಲ್ಲ ಸಿಂಪಡಿಸಿ ಬಾಗಿಲು ಹಾಕಿದರು. ಹೊಗೆ ತುಸು ಕಡಿಮೆಯಾದಂತೆ ತೋರಿತು. ಕ್ಯಾಪ್ಟನ್‌ಗೂ ಆ ಸುದ್ದಿಯೇ ಮುಟ್ಟಿತು. ನನ್ನ ಕರುಳು ಹಿಂಡುವುದು ಇದೇ ಘಳಿಗೆ. ಯಾರೂ ಅಲ್ಲಿ ಸುಮ್ಮನೆ ಕುಳಿತಿರಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರು. ಆದರೆ ಬೆಂಕಿ ಇದ್ದದ್ದು ಗೋಡೆಯ ಹಲಗೆಯ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ.

ಸಹ ಪೈಲಟ್ ಎರಡನೆಯ ಸಲ ಹಿಂದಕ್ಕೆ ಹೋಗಿ ಶೌಚಾಲಯದ ಬಾಗಿಲಿಗೆ ಕೈಯಿಟ್ಟರು. ಅದು ಬಿಸಿಯಾಗಿತ್ತು. ಅವರು ಅದನ್ನು ತೆರೆಯಲಿಲ್ಲ, ಯಾರೂ ತೆರೆಯಕೂಡದೆಂದು ಹೇಳಿದರು, ಕಾಕ್‌ಪಿಟ್‌ಗೆ ಮರಳಿ ಕೆಳಗಿಳಿಯುವುದೇ ಒಳ್ಳೆಯದೆಂದರು. ಪ್ರಾಣಾಪಾಯವಿದೆ ಎಂದು ರೇಡಿಯೊದಲ್ಲಿ ನೆರವು ಕೋರುವ ಮೇಡೇ ಕರೆ ಹೊರಟದ್ದು 7 ಗಂಟೆ 8 ನಿಮಿಷಕ್ಕೆ. ವಿದ್ಯುತ್ ವ್ಯವಸ್ಥೆ ಒಂದೊಂದಾಗಿ ಕೈಕೊಡುತ್ತಿದ್ದಾಗಲೂ ಪೈಲಟ್‌ಗಳು 7.20ಕ್ಕೆ ಅಮೆರಿಕದ ಸಿನ್ಸಿನಾಟಿಯಲ್ಲಿ ವಿಮಾನವನ್ನು ನೆಲಕ್ಕೆ ಮುಟ್ಟಿಸಿದರು. ಅದು ಸಣ್ಣ ಸಾಹಸವಲ್ಲ. ವಿಮಾನದ ಹೊರಬಾಗಿಲುಗಳನ್ನು ತೆರೆದು 60ರಿಂದ 90 ಸೆಕೆಂಡುಗಳಲ್ಲಿ, ಒಳನುಗ್ಗಿದ ಹೊಸ ಗಾಳಿಗೆ ಇಡೀ ಕ್ಯಾಬಿನ್ ಒಮ್ಮೆಲೇ ಹೊತ್ತಿಕೊಂಡಿತು. 23 ಪ್ರಯಾಣಿಕರು ಹೊರಬರಲಿಲ್ಲ.

ಬೆಂಕಿ ಹೇಗೆ ಹುಟ್ಟಿತೆಂಬುದು ತನಿಖೆಯಲ್ಲಿ ಕೊನೆಗೂ ತಿಳಿಯಲಿಲ್ಲ. ಆದರೆ ಅದರ ತೀವ್ರತೆಯನ್ನು ಕಡಿಮೆ ಅಂದಾಜು ಮಾಡಿದ್ದು, ಇಳಿಯುವ ನಿರ್ಧಾರಕ್ಕೆ ಹೆಚ್ಚು ಹೊತ್ತು ಹಿಡಿದದ್ದು ಪ್ರಾಣಹಾನಿಗೆ ಕಾರಣವಾಯಿತೆಂದು ತನಿಖಾಧಿಕಾರಿಗಳು ಬರೆದರು. ವಾಸನೆಯ ಮಾತು ಕಿವಿಗೆ ಬಿದ್ದದ್ದಕ್ಕೂ ಮೇಡೇ ಕರೆಗೂ ನಡುವೆ ಸುಮಾರು ಎಂಟು ನಿಮಿಷ ಕಳೆದಿತ್ತು.

ಬೇಗ ಇಳಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟಿದ್ದ ಸ್ವಿಸ್ಏರ್‌ನ ವಿಮಾನದಲ್ಲಿ, ಕಾಕ್‌ಪಿಟ್‌ನಲ್ಲಿ ಮೊದಲ ವಾಸನೆ ಬಂದು ಸುಮಾರು 20 ನಿಮಿಷಗಳಲ್ಲಿ ಎಲ್ಲ ಮುಗಿದುಹೋಯಿತು. ಹ್ಯಾಲಿಫ್ಯಾಕ್ಸ್ ಕಡೆಗೆ ತಿರುಗಿದ್ದ ವಿಮಾನ ಕೆನಡಾದ ಕರಾವಳಿಯ ಕಡಲಿಗೆ ಬಿತ್ತು. 229 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನೇರವಾಗಿ ಹ್ಯಾಲಿಫ್ಯಾಕ್ಸ್‌ಗೆ ಧಾವಿಸಿದ್ದರೂ ಸುರಕ್ಷಿತವಾಗಿ ಇಳಿಯಲು ಆಗುತ್ತಿರಲಿಲ್ಲ ಎಂದು ಕೆನಡಾದ ತನಿಖೆ ಹೇಳಿತು. ಒಳಮೈಯ ಶಾಖನಿರೋಧಕ ಹೊದಿಕೆಯೇ ಹೊತ್ತಿಕೊಳ್ಳುವಂಥದ್ದಾಗಿತ್ತು. ಇಳಿದ ಮಾತ್ರಕ್ಕೂ ಮುಗಿಯುವುದಿಲ್ಲ. 1980ರಲ್ಲಿ ರಿಯಾದ್‌ನಲ್ಲಿ ಸೌದಿಯಾ ವಿಮಾನವೊಂದು ಸರಕು ಕೋಣೆಯ ಬೆಂಕಿಯೊಂದಿಗೇ ಹಿಂದಿರುಗಿ ನೆಟ್ಟಗೆ ಇಳಿಯಿತು, ಆದರೆ ಬಾಗಿಲುಗಳು ಸಮಯಕ್ಕೆ ತೆರೆಯಲಿಲ್ಲ. 301 ಮಂದಿಯೂ ರನ್‌ವೇ ಪಕ್ಕದಲ್ಲೇ ತೀರಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡುವುದಿಲ್ಲ.

ಹೊಗೆಯ ಮೂಲಗಳು ಹಲವು. ಬಹುತೇಕ ಜೆಟ್ ವಿಮಾನಗಳಲ್ಲಿ ನಾವು ಉಸಿರಾಡುವ ಗಾಳಿ ಎಂಜಿನ್ ಮೂಲಕವೇ ಬರುತ್ತದೆ. ಅಲ್ಲಿ ಎಣ್ಣೆ ಸೋರಿದರೆ ಒದ್ದೆ ಕಾಲುಚೀಲದಂಥ ವಾಸನೆ ಹರಡುತ್ತದೆ. ಓವನ್‌ನಲ್ಲಿ ಸೀದ ಊಟ, ಬಿಸಿಯಾದ ಫ್ಯಾನು, ಕರಗಿದ ತಂತಿ, ಈಗ ಪವರ್ ಬ್ಯಾಂಕ್. ಇವುಗಳಲ್ಲಿ ಯಾವುದೆಂದು ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಲಗೆ ಕಿತ್ತು ನೋಡಲಾಗುವುದಿಲ್ಲ. ಆದ್ದರಿಂದ ಪೈಲಟ್‌ಗಳು ಮೊದಲು ತಮ್ಮ ಆಮ್ಲಜನಕದ ಮುಖವಾಡ ತೊಡುತ್ತಾರೆ, ಹುಡುಕಾಟ ನಡೆಯುತ್ತಿರುವಾಗಲೇ ಹತ್ತಿರದ ನಿಲ್ದಾಣದತ್ತ ತಿರುಗುತ್ತಾರೆ. ಪ್ರಯಾಣಿಕರ ತಲೆಯ ಮೇಲಿನ ಹಳದಿ ಮುಖವಾಡಗಳು ಆಗ ಏಕೆ ಕೆಳಗೆ ಬೀಳುವುದಿಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ಅವು ಕ್ಯಾಬಿನ್ನಿನ ಗಾಳಿಯನ್ನೂ ಬೆರೆಸಿಯೇ ಕೊಡುತ್ತವೆ, ಹೊಗೆಯನ್ನು ತಡೆಯುವುದಿಲ್ಲ. ಸಾಲದ್ದಕ್ಕೆ ಆಮ್ಲಜನಕ ಬೆಂಕಿಗೆ ಕಸುವು ಕೊಡುತ್ತದೆ.

ಪವರ್ ಬ್ಯಾಂಕ್ ಬಗ್ಗೆ ಒಂದು ಮಾತು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ, ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನದ ತಲೆಮೇಲಿನ ಸಾಮಾನು ಪೆಟ್ಟಿಗೆಯಲ್ಲಿ ಬೆಂಕಿ ಹುಟ್ಟಿತು. ಒಳಗಿದ್ದ 176 ಮಂದಿಯೂ ಪಾರಾದರು, ವಿಮಾನದ ಮೇಲ್ಛಾವಣಿ ಸುಟ್ಟುಹೋಯಿತು. ಪವರ್ ಬ್ಯಾಂಕನ್ನು ಮೇಲಿನ ಪೆಟ್ಟಿಗೆಯಲ್ಲಿ ಇಡಬೇಡಿ, ಕಣ್ಣಿಗೆ ಕಾಣುವಂತೆ ಹತ್ತಿರ ಇಟ್ಟುಕೊಳ್ಳಿ. ಅದು ಬಿಸಿಯಾದರೆ ಮುಚ್ಚಿಡದೆ ಕೂಡಲೇ ಸಿಬ್ಬಂದಿಯನ್ನು ಕರೆಯಿರಿ.

ಸಿನ್ಸಿನಾಟಿಯಲ್ಲಿ ಬದುಕಿ ಬಂದವರು ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡು, ಬಗ್ಗಿ, ಸೀಟಿನ ಬೆನ್ನುಗಳನ್ನು ಒಂದೊಂದಾಗಿ ತಡವುತ್ತ ಬಾಗಿಲು ಹುಡುಕಿದ್ದರು. ತಮ್ಮ ಕೈ ತಮಗೇ ಕಾಣದಂಥ ಹೊಗೆ. ಇಂದು ವಿಮಾನದ ನಡುದಾರಿಯ ನೆಲದುದ್ದಕ್ಕೂ ಇರುವ ಬೆಳಕಿನ ಪಟ್ಟಿ, ಶೌಚಾಲಯದೊಳಗಿನ ಹೊಗೆ ಪತ್ತೆ ಯಂತ್ರ, ಇವು ಕಡ್ಡಾಯವಾದದ್ದು ಆ ದುರಂತದ ನಂತರ. ಗಗನಸಖಿ ನೆಲದ ಕಡೆಗೆ ಕೈ ತೋರಿಸಿ ವಿವರಿಸುವಾಗ ಮೊಬೈಲ್ ಪಕ್ಕಕ್ಕಿಟ್ಟು ನೋಡಿ. ನಿಮ್ಮ ಸೀಟಿನಿಂದ ಹತ್ತಿರದ ತುರ್ತು ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಿ, ಹಿಂದಿನದನ್ನೂ ಸೇರಿಸಿ. ಹಾರುವಾಗ ಮೂಗಿಗೆ ಏನಾದರೂ ಬೇರೆ ವಾಸನೆ ಬಡಿದರೆ, ಪಕ್ಕದವರು ಏನೆಂದುಕೊಂಡಾರು ಎಂಬ ಸಂಕೋಚ ಬೇಡ. ಕರೆಗುಂಡಿ ಒತ್ತಿ, ಎಷ್ಟನೆಯ ಸಾಲು, ಎಂಥ ವಾಸನೆ, ಯಾವಾಗಿನಿಂದ ಎಂದು ಹೇಳಿಬಿಡಿ.

ನಮಸ್ಕಾರ.