ಮೊದಲು ಕಾಲು ನೋಡಿ

ನಮಸ್ಕಾರ. ಆಸ್ಟ್ರೇಲಿಯಾ ಅಂದ ಕೂಡಲೇ ನಿಮಗೆ ಕ್ರಿಕೆಟ್ ನೆನಪಾಗುತ್ತದೆ, ಗೊತ್ತು. ಐದು ನಿಮಿಷ ಅದನ್ನು ಪಕ್ಕಕ್ಕಿಡಿ. ಇವತ್ತಿನ ಮಾತು ನಟ ಡೇವಿಡ್ ಗುಲ್ಪಿಲಿಲ್ ಬಗ್ಗೆ. ನನಗೆ ಹೇಳಬೇಕಾದ್ದು ಒಂದೇ: ಇವರ ಸಿನಿಮಾದಲ್ಲಿ ಮುಖ ಆಮೇಲೆ, ಮೊದಲು ಕಾಲು ನೋಡಿ.

ಯಾಕೆಂದರೆ ಇವರು ಮೊದಲು ಕುಣಿತಗಾರ. ಉತ್ತರದ ಆರ್ನೆಮ್ ಲ್ಯಾಂಡಿನ ಮೂಲನಿವಾಸಿ, ಯೋಲ್ಂಗು ಜನ. ನಿರ್ದೇಶಕ ನಿಕೋಲಸ್ ರೋಗ್ ತಮ್ಮ ಸಿನಿಮಾಗೆ ಒಬ್ಬ ಹುಡುಗನನ್ನು ಹುಡುಕಿಕೊಂಡು ಹೋದಾಗ ಕಣ್ಣಿಗೆ ಬಿದ್ದದ್ದು ಆ ಕುಣಿತವೇ. 1971ರಲ್ಲಿ 'ವಾಕಬೌಟ್' ಬಂತು. ನಟನಾ ಶಾಲೆ ಗೀಲೆ ಏನೂ ಇಲ್ಲ.

2002ರ 'ದ ಟ್ರ್ಯಾಕರ್' ನೋಡಿ. ಬಿಳಿಯರು ಕುದುರೆ ಮೇಲೆ, ಇವರು ಮುಂದೆ ನಡೆದುಕೊಂಡು, ನೆಲದ ಮೇಲಿನ ಹೆಜ್ಜೆಗುರುತು ಓದುತ್ತಾ. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆ ಅಂತ ಆ ನಡಿಗೆಯೇ ಹೇಳಿಬಿಡುತ್ತದೆ. ಸುಮ್ನೆ ಡೈಲಾಗ್ ಕಾಯುತ್ತಾ ಕೂತರೆ ಇದು ಸಿಗೋದಿಲ್ಲ ಸ್ವಾಮಿ!

ಈಗ ನನ್ನ ಇಷ್ಟದ ಕಥೆ. ಡೊನಾಲ್ಡ್ ಥಾಮ್ಸನ್ ಅಂತ ಒಬ್ಬ ಮಾನವಶಾಸ್ತ್ರಜ್ಞರು 1930ರ ದಶಕದಲ್ಲಿ ಅಲ್ಲಿನ ಅರಫುರಾ ಜೌಗಿನಲ್ಲಿ ಒಂದು ಫೋಟೊ ತೆಗೆದಿದ್ದರು. ಹತ್ತು ಜನ ಗಂಡಸರು, ಮರದ ತೊಗಟೆಯ ದೋಣಿಗಳಲ್ಲಿ ನಿಂತು, ಉದ್ದ ಗಳ ಊರಿಕೊಂಡು, ಹೆಬ್ಬಾತಿನ ಮೊಟ್ಟೆ ಹುಡುಕಲು ಹೊರಟಿದ್ದಾರೆ. ಗುಲ್ಪಿಲಿಲ್ ಈ ಫೋಟೊವನ್ನು ನಿರ್ದೇಶಕ ರಾಲ್ಫ್ ಡಿ ಹೀರ್ ಕೈಗೆ ಕೊಟ್ಟು, ಹತ್ತು ದೋಣಿ ಬೇಕು ಅಂದರು. ಅಷ್ಟೇ, ಸಿನಿಮಾ ಹುಟ್ಟಿತು! ಅಂಥ ದೋಣಿ ಕಟ್ಟೋದು ಊರಿನ ಹಿರಿಯರಿಗೆ ಮಾತ್ರ ನೆನಪಿತ್ತು, ಅವರೇ ಕೂತು ತೊಗಟೆ ಮಡಿಚಿ ಹೊಲಿದರು, ಮೊಸಳೆ ತುಂಬಿದ ಆ ನೀರಿನಲ್ಲೇ ಶೂಟಿಂಗ್ ಆಯಿತು, ಗುಲ್ಪಿಲಿಲ್ ಮಗ ಜೇಮಿಯೇ ಪಾತ್ರ ಮಾಡಿದ, ತಂದೆ ಕಥೆ ಹೇಳುವ ದನಿಯಾದರು. ದೋಣಿ ಬೇಟೆಯ ಭಾಗವೆಲ್ಲ ಆ ಹಳೇ ಫೋಟೊ ಹಾಗೇ ಕಪ್ಪು-ಬಿಳುಪು. ಪಾತ್ರಗಳು ಮಾತಾಡೋದು ಅಲ್ಲಿಯ ಭಾಷೆಯಲ್ಲೇ. 2006ರಲ್ಲಿ 'ಟೆನ್ ಕನೂಸ್' ಅಂತ ಬಂತು.

ಅಯ್ಯೋ, ಸಮಯ ಅದರಲ್ಲೇ ಹೋಯಿತು. ಟೀವಿ ಬಗ್ಗೆ ಒಂದೇ ಮಾತು: 1970ರ ದಶಕದಿಂದ 2017ರ 'ದ ಲೆಫ್ಟೋವರ್ಸ್' ತನಕ ಅಲ್ಲೂ ಇದ್ದರು. ಕುಡಿತ, ಜೈಲು ಎರಡನ್ನೂ ಕಂಡವರು. ಜೈಲಿನಲ್ಲಿದ್ದಾಗ ಡಿ ಹೀರ್ ನೋಡಲು ಹೋದರು, ಅಲ್ಲಿಂದ ಇಬ್ಬರೂ ಸೇರಿ ಬರೆದದ್ದು 'ಚಾರ್ಲೀಸ್ ಕಂಟ್ರಿ'. ಅದಕ್ಕೆ 2014ರಲ್ಲಿ ಕಾನ್ ಚಿತ್ರೋತ್ಸವದ ಒಂದು ವಿಭಾಗದಲ್ಲಿ ಉತ್ತಮ ನಟ ಪ್ರಶಸ್ತಿ ಬಂತು. 2021ರ ನವೆಂಬರಿನಲ್ಲಿ ತೀರಿಕೊಂಡರು.

'ಕ್ರೊಕೊಡೈಲ್ ಡಂಡೀ' ನೀವು ನೋಡಿರುತ್ತೀರಿ, ಅಲ್ವಾ? ಅದರಲ್ಲೂ ಇದ್ದಾರೆ, ಚಿಕ್ಕ ಪಾತ್ರ. ಈ ಭಾನುವಾರ ಇನ್ನೊಮ್ಮೆ ಹಾಕಿ, ರಾತ್ರಿ ಕತ್ತಲಲ್ಲಿ ಅವರು ಬರುವಾಗ ಕಾಲು ನೋಡಿ.