ಗುದ್ದು ಬೀಳುವ ಗಳಿಗೆ: ಕಾಮಿಕ್ಸ್ ಮುಖಪುಟ ಮತ್ತು ಆಕ್ಷನ್ ಸಿನಿಮಾ ಪೋಸ್ಟರ್

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಚಿತ್ರಕಾರನಲ್ಲ. ನನ್ನ ಕೈಯಲ್ಲಿ ಒಂದು ಗೆರೆಯೂ ನೆಟ್ಟಗೆ ಬರುವುದಿಲ್ಲ. ಬರೀ ಅಭಿಮಾನಿ. ಕಾಮಿಕ್ಸ್ ಮುಖಪುಟವೋ ಹೊಡೆದಾಟದ ಸಿನಿಮಾ ಪೋಸ್ಟರೋ ಕಂಡರೆ ಕಾಲು ತಾನಾಗಿ ನಿಂತುಬಿಡುತ್ತದೆ. ಜೊತೆಗಿದ್ದವರು ಮುಂದೆ ಹೋಗಿ, ತಿರುಗಿ ನೋಡಿ, "ಬಾ ಮಾರಾಯ" ಅಂತ ಕರೆಯಬೇಕು. ಇವತ್ತು ನೀವೂ ನನ್ನ ಜೊತೆ ಸ್ವಲ್ಪ ಹೊತ್ತು ನಿಂತು ನೋಡಿ, ಅಷ್ಟೇ.

ಸಿನಿಮಾಕ್ಕೆ ಓಟ ಇದೆ, ಸದ್ದು ಇದೆ. ಕಾಗದಕ್ಕೆ ಎರಡೂ ಇಲ್ಲ. ಆದರೂ ಕಾಗದದ ಮೇಲಿನ ಹೊಡೆತ ಎಷ್ಟೋ ಸಲ ಪರದೆಯ ಹೊಡೆತಕ್ಕಿಂತ ಜೋರಾಗಿ ಬೀಳುತ್ತದೆ. ಯಾಕೆ? ಚಿತ್ರಕಾರ ಸಿನಿಮಾದಲ್ಲಿ ಇರುವುದನ್ನು ಬರೆಯುವುದಿಲ್ಲ, ನಾವು ಏನನ್ನು ನೋಡಬೇಕು ಅಂತ ಆಸೆಪಡುತ್ತೇವೋ ಅದನ್ನು ಬರೆಯುತ್ತಾನೆ. ಇದೇ ನನ್ನ ವಾದ. ಇನ್ನು ಚಿತ್ರಗಳನ್ನೇ ನೋಡೋಣ.

ಪರದೆಯ ಮೇಲೆ ಮೊದಲನೆಯದು, ಕ್ಯಾಪ್ಟನ್ ಅಮೆರಿಕ ಕಾಮಿಕ್ಸ್‌ನ ಮೊದಲ ಸಂಚಿಕೆ. ಮುಖಪುಟದಲ್ಲಿ 1941ರ ಮಾರ್ಚ್ ಅಂತಿದೆ, ಆದರೆ ಅಂಗಡಿಗೆ ಬಂದದ್ದು 1940ರ ಡಿಸೆಂಬರ್‌ನಲ್ಲೇ. ಬರೆದವರು ಜೋ ಸೈಮನ್ ಮತ್ತು ಜಾಕ್ ಕಿರ್ಬಿ. ಇಬ್ಬರೂ ಯಹೂದಿ ಮನೆಗಳ ಹುಡುಗರು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಅದಕ್ಕೆ ಇನ್ನೂ ಒಂದು ವರ್ಷ ಇತ್ತು. ಆದರೆ ಈ ಮುಖಪುಟದಲ್ಲಿ ನಾಯಕ ನೇರವಾಗಿ ಹಿಟ್ಲರ್‌ನ ದವಡೆಗೆ ಬಾರಿಸುತ್ತಿದ್ದಾನೆ! ಸರ್ಕಾರ ಮಾಡದೇ ಇದ್ದದ್ದನ್ನು 10 ಸೆಂಟಿನ ಪುಸ್ತಕ ಮಾಡಿತ್ತು.

ಹತ್ತಿರದಿಂದ ನೋಡಿ. ಸುತ್ತ ನಾಜಿ ಸೈನಿಕರು ಗುಂಡು ಹಾರಿಸುತ್ತಿದ್ದಾರೆ. ಒಂದು ಗುಂಡು ಗುರಾಣಿಗೆ ಬಡಿದು ಸಿಡಿಯುತ್ತಿದೆ. ಹಿಂದೆ ಒಂದು ಪರದೆಯಲ್ಲಿ ಅಮೆರಿಕದ ಕಾರ್ಖಾನೆಯೊಂದು ಸ್ಫೋಟವಾಗುತ್ತಿದೆ. ನೆಲದ ಮೇಲೆ ಅಮೆರಿಕದ ನಕ್ಷೆ ಬಿದ್ದಿದೆ. ಒಂದೇ ಪುಟದಲ್ಲಿ ಇಡೀ ಕಥೆ. ಆದರೂ ಕಣ್ಣು ಎಲ್ಲಿಗೆ ಹೋಗುತ್ತದೆ? ಸೀದಾ ಆ ಮುಷ್ಟಿಗೆ. ಉಳಿದದ್ದೆಲ್ಲ ಆಮೇಲೆ ಕಾಣುತ್ತದೆ.

ಕಿರ್ಬಿಯ ಗುಟ್ಟು ಅಂದರೆ ಆತ ನಡುವಿನ ಗಳಿಗೆಯನ್ನು ಬರೆಯುವುದೇ ಇಲ್ಲ. ಗುದ್ದು ಅಂದರೆ ಕೈ ಪೂರ್ತಿ ಹಿಂದೆ ಹೋಗಿರಬೇಕು, ಇಲ್ಲವೇ ಪೂರ್ತಿ ಮುಂದೆ ಬಂದು ಬಡಿದಿರಬೇಕು. ಕಾಲುಗಳು ಮಾಮೂಲಿ ಮನುಷ್ಯ ನಿಲ್ಲಲಾರದಷ್ಟು ಅಗಲ. ಮುಂದೆ ಚಾಚಿದ ಕೈ ಮುಖಕ್ಕಿಂತ ದೊಡ್ಡದು. ಅಳತೆ ಹಿಡಿದರೆ ಎಲ್ಲ ತಪ್ಪು, ಕಣ್ಣಿಗೆ ಮಾತ್ರ ಎಲ್ಲ ಸರಿ. ಮುಂದೆ 60ರ ದಶಕದಲ್ಲಿ ಆತ ಕಪ್ಪು ಚುಕ್ಕೆಗಳ ಗುಂಪಿನಿಂದಲೇ ಆಕಾಶದ ಶಕ್ತಿ, ಸಿಡಿಲು, ಸ್ಫೋಟ ಎಲ್ಲವನ್ನೂ ಬರೆದ. ಅಭಿಮಾನಿಗಳು ಅದನ್ನು ಇವತ್ತಿಗೂ 'ಕಿರ್ಬಿ ಕ್ರ್ಯಾಕಲ್' ಅಂತ ಪ್ರೀತಿಯಿಂದ ಕರೆಯುತ್ತಾರೆ.

ಇದೆಲ್ಲ ಪರದೇಶದ್ದು ಅಂದುಕೊಳ್ಳಬೇಡಿ. ಬೇಲೂರಿಗೆ ಹೋದಾಗ ಬಾಗಿಲ ಪಕ್ಕದಲ್ಲಿ ಸಳನನ್ನು ನೋಡಿರುತ್ತೀರಿ, ಅಲ್ವಾ? ಮೃಗ ಎಗರಿ ಮೇಲೆ ಬಂದಿದೆ. ಹುಡುಗ ಮೈಯೆಲ್ಲ ಬಿಲ್ಲಿನ ಹಾಗೆ ಬಗ್ಗಿಸಿ ಆಯುಧ ನುಗ್ಗಿಸಿದ್ದಾನೆ. ಅಲ್ಲೂ ನಡುವಿನ ಗಳಿಗೆ ಇಲ್ಲ. ನನ್ನ ಲೆಕ್ಕದಲ್ಲಿ ಅದು 12ನೇ ಶತಮಾನದ ಆಕ್ಷನ್ ಪೋಸ್ಟರ್. ಇತಿಹಾಸದ ಮೇಷ್ಟ್ರುಗಳು ಯಾರಾದರೂ ಇಲ್ಲಿದ್ದರೆ ಕ್ಷಮಿಸಿ.

ಇನ್ನು ಕಾಮಿಕ್ಸ್‌ನಿಂದ ಪೋಸ್ಟರ್‌ಗೆ ದಾಟಿದವರ ಕಡೆ ಬರೋಣ. ಫ್ರಾಂಕ್ ಫ್ರಜೆಟ್ಟಾ ಕಾಮಿಕ್ಸ್ ಬರೆಯುತ್ತಿದ್ದವರು. ಮ್ಯಾಡ್ ಅನ್ನುವ ಅಮೆರಿಕದ ಹಾಸ್ಯಪತ್ರಿಕೆಗೆ ತಮಾಷೆಗೆ ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್‌ನ ಒಂದು ಚಿತ್ರ ಬರೆದರು. ಅದನ್ನು ನೋಡಿದ ಸಿನಿಮಾದವರು ಕರೆದು 1965ರ ಒಂದು ಹಾಸ್ಯಚಿತ್ರಕ್ಕೆ ಪೋಸ್ಟರ್ ಮಾಡಿಸಿದರು. ಅಲ್ಲಿಯವರೆಗೆ ವರ್ಷವಿಡೀ ದುಡಿದರೆ ಸಿಗುತ್ತಿದ್ದ ದುಡ್ಡು ಒಂದು ಮಧ್ಯಾಹ್ನದ ಕೆಲಸಕ್ಕೆ ಸಿಕ್ಕಿತಂತೆ. ಕಾಮಿಕ್ಸ್‌ಗೆ ಆಗ ಎಷ್ಟು ಕಡಿಮೆ ಕೊಡುತ್ತಿದ್ದರು ಅನ್ನುವುದಕ್ಕೂ ಇದೇ ಸಾಕ್ಷಿ.

ಈಗ ಅವರದೇ ಇನ್ನೊಂದು, 1977ರ 'ದ ಗಾಂಟ್‌ಲೆಟ್' ಪೋಸ್ಟರ್. ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿ ಪಿಸ್ತೂಲು, ಹರಿದ ಅಂಗಿ, ಅವನಿಗೆ ಆತುಕೊಂಡ ನಾಯಕಿ, ಹಿಂದೆ ಗುಂಡಿನ ತೂತುಗಳೇ ತುಂಬಿದ ಬಸ್ಸು. ಸಿನಿಮಾದಲ್ಲಿ ಈಸ್ಟ್‌ವುಡ್ ಬಡಕಲು ಮೈಯ, ಸೋತು ಸುಣ್ಣವಾದ ಪೊಲೀಸ್. ಇಲ್ಲಿ ನೋಡಿದರೆ ಕತ್ತಿ ಹಿಡಿದ ಕಾಡುವೀರನ ಮೈಕಟ್ಟು! ಸುಳ್ಳು ಅಂತೀರಾ? ಹೌದು, ಅಪ್ಪಟ ಸುಳ್ಳು. ಆದರೆ ಆ ಸಿನಿಮಾ ನೋಡುವಾಗ ನಮಗೆ ಒಳಗೊಳಗೇ ಹೇಗೆ ಅನಿಸುತ್ತದೋ ಅದು ಈ ಚಿತ್ರದಲ್ಲಿದೆ. ಫೋಟೋದಿಂದ ಅದು ಆಗುತ್ತಿರಲಿಲ್ಲ.

ಡ್ರೂ ಸ್ಟ್ರುಜಾನ್ ಹೆಸರು ಕೇಳದಿದ್ದರೂ ಅವರ ಕೆಲಸ ನೀವು ನೋಡಿರುತ್ತೀರಿ. ಇಂಡಿಯಾನಾ ಜೋನ್ಸ್, ಸ್ಟಾರ್ ವಾರ್ಸ್, ಬ್ಯಾಕ್ ಟು ದ ಫ್ಯೂಚರ್ ಪೋಸ್ಟರ್‌ಗಳು ಅವರವು. 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಬೋರ್ಡಿಗೆ ಬಿಳಿ ಲೇಪ ಹಚ್ಚಿ, ಪೆನ್ಸಿಲ್‌ನಲ್ಲಿ ಬರೆದು, ಏರ್‌ಬ್ರಷ್‌ನಿಂದ ಬಣ್ಣ ಊದಿ, ಕೊನೆಗೆ ಬಣ್ಣದ ಪೆನ್ಸಿಲ್‌ನಿಂದ ಬೆಳಕು ತೀಡುತ್ತಿದ್ದರು. ಮಕ್ಕಳ ಬಣ್ಣದ ಪೆನ್ಸಿಲ್ ಅಂತ ನಾವು ಉಡಾಫೆ ಮಾಡುತ್ತೇವಲ್ಲ, ಆ ಮುಖಗಳ ಬಿಸಿಲು ಅದರಿಂದಲೇ ಬಂದದ್ದು. 1982ರಲ್ಲಿ 'ದ ಥಿಂಗ್' ಅನ್ನುವ ಭಯಾನಕ ಸಿನಿಮಾಕ್ಕೆ ನಾಳೆ ಬೆಳಗ್ಗೆಗೆ ಪೋಸ್ಟರ್ ಬೇಕು ಅಂತ ಫೋನ್ ಬಂತು. ಕೈಯಲ್ಲಿ ಒಂದು ಫೋಟೋ ಇಲ್ಲ. ತಾವೇ ದಪ್ಪ ಕೋಟು ಹಾಕಿ ನಿಂತರು, ಹೆಂಡತಿ ಪೊಲರಾಯ್ಡ್‌ನಲ್ಲಿ ಫೋಟೋ ತೆಗೆದರು, ರಾತ್ರಿಯಿಡೀ ಬರೆದರು. ಹಿಮದ ಕೋಟು, ಅದರ ಟೋಪಿಯೊಳಗೆ ಮುಖ ಇಲ್ಲ, ಬರೀ ಕಣ್ಣು ಕುಕ್ಕುವ ಬೆಳಕು. ಅಂಥ ದೃಶ್ಯ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಆದರೆ ಆ ಸಿನಿಮಾದ ಹೆಸರೆತ್ತಿದರೆ ಜನಕ್ಕೆ ಮೊದಲು ನೆನಪಾಗುವುದು ಆ ಕೋಟೇ.

ನಮ್ಮ ಕಡೆಗೆ ಬರೋಣ. ಕಾರ್ಕಳದ ಅನಂತ ಪೈ 1967ರಲ್ಲಿ ಅಮರ ಚಿತ್ರ ಕಥೆ ಶುರುಮಾಡಿದ್ದು ನಿಮಗೆ ಗೊತ್ತು. ಅದರಲ್ಲಿ 'ಕೃಷ್ಣ' 11ನೇ ಸಂಖ್ಯೆ. ಹಾಗಾದರೆ ಮೊದಲ 10 ಏನಾದವು? ಅವು ಪರದೇಶದ ಅಜ್ಜಿಕಥೆಗಳು, ಬಂದದ್ದು ಕನ್ನಡದಲ್ಲಿ! ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಈ ವಿಷಯ ಹೇಳುವಾಗ ನನಗೆ ಸ್ವಲ್ಪ ಜಂಬ ಜಾಸ್ತಿಯಾಗುತ್ತದೆ, ಸಹಿಸಿಕೊಳ್ಳಿ.

ಅಮರ ಚಿತ್ರ ಕಥೆಗೆ ದೇವರನ್ನೂ ರಾಜರನ್ನೂ ಬರೆದವರಲ್ಲಿ ಪ್ರತಾಪ್ ಮುಳಿಕ್ ದೊಡ್ಡ ಹೆಸರು. ಅದೇ ಕೈ 80ರ ದಶಕದಲ್ಲಿ 'ಸುಪ್ರೀಮೋ' ಕಾಮಿಕ್ಸ್ ಬರೆಯಿತು. ಹಗಲು ನಟ, ಕರೆ ಬಂದರೆ ಸೂಪರ್‌ಹೀರೋ. ಆ ನಟ ಬೇರೆ ಯಾರೂ ಅಲ್ಲ, ಸಾಕ್ಷಾತ್ ಅಮಿತಾಭ್ ಬಚ್ಚನ್. ಕಥೆಗೆ ಸಲಹೆ ಕೊಟ್ಟವರು ಗುಲ್ಜಾರ್. ಆಮೇಲೆ ಅದೇ ಮುಳಿಕ್ ಹಿಂದಿ ಕಾಮಿಕ್ಸ್‌ನ ಹಾವಿನ ಶಕ್ತಿಯ ನಾಯಕ ನಾಗರಾಜನನ್ನೂ ಬರೆದರು. ಪುರಾಣದ ವೀರ, ಸಿನಿಮಾ ಹೀರೋ, ಹಸಿರು ಮೈಯ ಸೂಪರ್‌ಹೀರೋ, ಮೂವರೂ ಒಂದೇ ಕುಂಚದ ಮಕ್ಕಳು. ಅದಕ್ಕೇ ನಮ್ಮ ಹೀರೋಗಳು ಪೋಸ್ಟರ್‌ನಲ್ಲಿ ರಥದ ಮೇಲೆ ನಿಂತ ಹಾಗೆ ನಿಲ್ಲುತ್ತಾರೆ ಅಂತ ನನಗೆ ಅನಿಸುತ್ತದೆ.

ಪೋಸ್ಟರ್ ಕಡೆಯಿಂದ ನೋಡಿದರೆ ದಿವಾಕರ್ ಕರ್ಕರೆ. 'ದೀವಾರ್' ಪೋಸ್ಟರ್ ಮಾಡಿದವರು. ಕುಂಚದ ಜೊತೆಗೆ ಬಣ್ಣ ಕಲಸುವ ಚಾಕುವಿನಿಂದಲೂ ಬಣ್ಣ ಬಳಿಯುತ್ತಿದ್ದರು. ಕೆನ್ನೆಯ ಮೇಲೆ ಒರಟು ಪಟ್ಟಿಗಳು ಹಾಗೇ ಉಳಿಯುತ್ತಿದ್ದವು. ಆ ಕಾಲದ ಪೋಸ್ಟರ್‌ಗಳಲ್ಲಿ ಸಿಟ್ಟಾದ ಮುಖ ಕೆಂಪು, ನೆರಳು ನೀಲಿ, ಕೆಲವು ಸಲ ಖಳನ ಮುಖ ಹಸಿರು. ಮನುಷ್ಯರ ಬಣ್ಣ ಅದಲ್ಲ ಅಂತ ಯಾರೂ ತಕರಾರು ತೆಗೆಯಲಿಲ್ಲ.

ಇದಕ್ಕೆ ಕಾರಣವೂ ಇದೆ. ಪೋಸ್ಟರ್ ನೋಡುವವನು ಓಡುವ ಬಸ್ಸಿನಲ್ಲಿದ್ದಾನೆ. ಕಾಮಿಕ್ಸ್ ನೋಡುವವನು ರೈಲು ಹಿಡಿಯುವ ಅವಸರದಲ್ಲಿದ್ದಾನೆ. ಇರುವುದು ಎರಡೋ ಮೂರೋ ಸೆಕೆಂಡು. ಅಚ್ಚೋ ಅಗ್ಗದ ಅಚ್ಚು, ಬಣ್ಣ ಗೆರೆ ದಾಟಿ ಹರಡುತ್ತದೆ. ಹಾಗಾಗಿ ದಪ್ಪ ಕಪ್ಪು ಗೆರೆ, ಕಿರುಚುವ ಬಣ್ಣ, ಮುಂದಕ್ಕೆ ನುಗ್ಗುವ ಕೈ. ದೊಡ್ಡ ಪೋಸ್ಟರ್ ಹಲವು ಹಾಳೆಗಳಲ್ಲಿ ಬರುತ್ತಿತ್ತು. ಮೈದಾ ಅಂಟು ಬಳಿದು ಗೋಡೆಗೆ ಹಚ್ಚುವಾಗ ಒಂದು ಹಾಳೆ ಜಾರಿದರೆ ಹೀರೋ ಮೂಗು ಅರ್ಧ ಇಂಚು ಪಕ್ಕಕ್ಕೆ! ಕೆಂಪೇಗೌಡ ರಸ್ತೆಯ ಕಟೌಟ್‌ಗಳದ್ದು ಇನ್ನೊಂದು ಲೋಕ. ಸಣ್ಣ ಫೋಟೋಗೆ ಚೌಕ ಎಳೆದು, ಅದನ್ನೇ ಮನೆಯಷ್ಟು ಎತ್ತರಕ್ಕೆ ಹಿಗ್ಗಿಸಿ, ಕಣ್ಣಿಗೆ ಕಣ್ಣು ಸೇರಿಸುವುದು ಅಂದರೆ ಸುಮ್ನೆ ಅಲ್ಲ. ಬರೆಯುವವನ ಮುಂದೆ ಇರುವುದು ಬರೀ ಒಂದು ಹುಬ್ಬು. ಮುಖ ಕಾಣುವುದು ಎತ್ತಿ ನಿಲ್ಲಿಸಿದ ಮೇಲೆ.

ಫ್ಲೆಕ್ಸ್ ಬಂತು, ಕಂಪ್ಯೂಟರ್ ಬಂತು, ಆ ಕೆಲಸ ಹೋಯಿತು. ಈಗಿನ ಪೋಸ್ಟರ್ ಎಲ್ಲ ಕೆಟ್ಟದು ಅಂತ ನಾನು ಹೇಳುವುದಿಲ್ಲ. ಆದರೆ ಹೊಗೆ, ಕಿಡಿ, ಬೆನ್ನು ತಿರುಗಿಸಿ ನಿಂತ ಹೀರೋ, ಇಷ್ಟು ಬಿಟ್ಟರೆ ಬೇರೆ ದಾರಿ ಇಲ್ಲವೇನೋ ಅನ್ನುವಂತಾಗಿದೆ.

ಮೂಲ ಚಿತ್ರಗಳ ಗತಿ ಹೇಳಿ ನಿಲ್ಲಿಸುತ್ತೇನೆ. ಕಿರ್ಬಿ ತಾನು ಬರೆದ ಪುಟಗಳನ್ನು ವಾಪಸ್ ಪಡೆಯಲು ಪ್ರಕಾಶಕರ ಜೊತೆ ವರ್ಷಗಟ್ಟಲೆ ಗುದ್ದಾಡಬೇಕಾಯಿತು. 1987ರಲ್ಲಿ ಸಿಕ್ಕಿದ್ದು ಬರೆದದ್ದರ ಸಣ್ಣ ಪಾಲು ಮಾತ್ರ. ಫ್ರಜೆಟ್ಟಾ ತನ್ನ ಮೂಲಚಿತ್ರಗಳನ್ನು ಬಿಟ್ಟುಕೊಡದೆ ಇಟ್ಟುಕೊಂಡರು. ಅವರ 'ಈಜಿಪ್ಶಿಯನ್ ಕ್ವೀನ್' 2019ರ ಹರಾಜಿನಲ್ಲಿ 54 ಲಕ್ಷ ಡಾಲರ್‌ಗೆ ಹೋಯಿತು. ನಮ್ಮಲ್ಲಿ ಕಟೌಟ್ ಇಳಿದ ಮೇಲೆ ಅದೇ ಹಲಗೆಗೆ ಸುಣ್ಣ ಬಳಿದು ಮುಂದಿನ ಸಿನಿಮಾ ಬರೆಯುತ್ತಿದ್ದರು. ನಿಮ್ಮ ಅಟ್ಟದ ಮೇಲೋ ಹಳೆಯ ಟ್ರಂಕಿನ ತಳದಲ್ಲೋ ಅಂಥ ಪೋಸ್ಟರ್ ಇದ್ದರೆ ದಯವಿಟ್ಟು ರದ್ದಿಗೆ ಹಾಕುವ ಮೊದಲು ನನಗೊಂದು ಮಾತು ಹೇಳಿ.

ಹಿಂದಿನ ಮೇಜಿನ ಮೇಲೆ ನನ್ನ ಸಂಗ್ರಹದ ಕೆಲವು ಕಾಮಿಕ್ಸ್, ಪೋಸ್ಟರ್ ಇಟ್ಟಿದ್ದೇನೆ. ಮುಟ್ಟಿ ನೋಡಬಹುದು. ಟೀ ಲೋಟ ಮಾತ್ರ ಅದರ ಮೇಲೆ ಇಡಬೇಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.