ಸ್ಕ್ರಾಲ್ ಮಾಡುವ ಟೂಲ್: ಏನೇನು ಬರೆದಿಡಬೇಕು?

ಎಲ್ಲರಿಗೂ ನಮಸ್ಕಾರ.

ಪ್ರೋಗ್ರಾಮ್ ಬರೆದು ಬ್ರೌಸರ್ ಓಡಿಸುವುದು ಹೊಸದೇನಲ್ಲ. ಅದಕ್ಕಾಗಿಯೇ ಇರುವ ಸೆಲೆನಿಯಮ್ ಎಂಬ ಟೂಲ್ 2004ರಲ್ಲೇ ಶುರುವಾಯಿತು. 2017ರಲ್ಲಿ ಪಪೆಟಿಯರ್, 2020ರಲ್ಲಿ ಪ್ಲೇರೈಟ್ ಬಂದವು. ಇವನ್ನು ಬಳಸಿಕೊಂಡು, ಪೇಜನ್ನು ಮನುಷ್ಯರ ಹಾಗೆ ಸ್ಕ್ರಾಲ್ ಮಾಡುವ ಸಣ್ಣ ಟೂಲ್‌ಗಳನ್ನು ಬರೆಯುವವರಿದ್ದಾರೆ. ಅಂಥ ಟೂಲ್‌ನ ಡಾಕ್ಯುಮೆಂಟೇಶನ್‌ನಲ್ಲಿ "ಮನುಷ್ಯರಂತೆ ಸ್ಕ್ರಾಲ್ ಮಾಡುತ್ತದೆ" ಎಂದಷ್ಟೇ ಇದ್ದರೆ ಓದಿದವರ ಕೈಗೆ ಏನೂ ಸಿಗುವುದಿಲ್ಲ. ಟೂಲ್ ಪೇಜಿಗೆ ಏನು ಮಾಡುತ್ತದೆ ಎಂಬುದನ್ನು ಓದುವವರು ತಾವೇ ಪರೀಕ್ಷಿಸಿ ನೋಡುವ ಹಾಗೆ ಬರೆಯಬೇಕು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ.

ಇಂಥ ಟೂಲ್ ಯಾಕೆ ಬೇಕು? ಈಗಿನ ಎಷ್ಟೋ ಪೇಜುಗಳಲ್ಲಿ ಚಿತ್ರಗಳು ಪರದೆಯ ಹತ್ತಿರ ಬಂದಾಗಲೇ ಲೋಡ್ ಆಗುತ್ತವೆ. ಪೇಜನ್ನು ಪರೀಕ್ಷಿಸುವ ಪ್ರೋಗ್ರಾಮ್, ಅಂದರೆ ಟೆಸ್ಟ್, ಒಂದೇ ನೆಗೆತಕ್ಕೆ ಪೇಜಿನ ಕೊನೆಗೆ ಹಾರಿದರೆ ನಡುವಿನ ಚಿತ್ರಗಳು ಖಾಲಿ ಉಳಿಯಬಹುದು. ಸ್ಕ್ರೀನ್‌ಶಾಟ್ ನೋಡಿದವರು ಪೇಜೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಓದುವವರು ಹಾಗೆ ಹಾರುವುದಿಲ್ಲ ಅಲ್ವಾ? ಸ್ವಲ್ಪ ಇಳಿಯುತ್ತಾರೆ, ನಿಲ್ಲುತ್ತಾರೆ, ಒಮ್ಮೊಮ್ಮೆ ಮೇಲಕ್ಕೂ ಹೋಗುತ್ತಾರೆ.

ಡಾಕ್ಯುಮೆಂಟೇಶನ್‌ನಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದ್ದು, ಟೂಲ್ ಯಾವ ದಾರಿಯಿಂದ ಸ್ಕ್ರಾಲ್ ಮಾಡುತ್ತದೆ ಎಂಬುದು. ಪೇಜಿನೊಳಗೆ ಸ್ಕ್ರಿಪ್ಟ್ ಓಡಿಸಿ ಸ್ಕ್ರಾಲ್‌ಬೈ ಎಂಬ ಆದೇಶ ಕರೆದರೆ ಪೇಜು ಸರಿಯುತ್ತದೆ, ಸ್ಕ್ರಾಲ್ ಈವೆಂಟ್ (ಸ್ಕ್ರಾಲ್ ಆಯಿತು ಎಂದು ಬ್ರೌಸರ್ ಪೇಜಿಗೆ ಕೊಡುವ ಸೂಚನೆ) ಬರುತ್ತದೆ. ಆದರೆ ವೀಲ್ ಈವೆಂಟ್ ಬರುವುದಿಲ್ಲ. ಬ್ರೌಸರ್‌ಗೇ ಹೇಳಿ ಮೌಸ್ ವೀಲ್ ತಿರುಗಿಸಿದರೆ ಮೊದಲು ವೀಲ್ ಈವೆಂಟ್ ಬರುತ್ತದೆ, ಅದನ್ನು ಪೇಜು ತಡೆಯಲೂಬಹುದು. ಪೇಜಿನ ನಡುವೆ ಒಂದು ನಕ್ಷೆ ಇದೆ ಅಂದುಕೊಳ್ಳಿ. ಕರ್ಸರ್ ಅದರ ಮೇಲಿದ್ದಾಗ ವೀಲ್ ತಿರುಗಿಸಿದರೆ ನಕ್ಷೆ ಜೂಮ್ ಆಗಬಹುದು, ಪೇಜು ಇದ್ದಲ್ಲೇ ಇರುತ್ತದೆ. ಟೂಲ್ ಬಳಸುವವರು ಅರ್ಧ ದಿನ ತಲೆ ಕೆಡಿಸಿಕೊಳ್ಳುವುದು ಇಂಥ ಕಡೆ. ಕರ್ಸರನ್ನು ಟೂಲ್ ಎಲ್ಲಿ ಇಡುತ್ತದೆ ಎಂದು ಒಂದು ಸಾಲು ಬರೆದಿದ್ದರೆ ಆ ಅರ್ಧ ದಿನ ಉಳಿಯುತ್ತಿತ್ತು.

ಇನ್ನು ಆಯ್ಕೆಗಳು, ಅಂದರೆ ಬಳಸುವವರು ಬದಲಿಸಬಹುದಾದ ಸೆಟ್ಟಿಂಗ್‌ಗಳು. ಟೂಲ್ ಪೇಜನ್ನು ಒಂದು ಸಲ ಸರಿಸುವುದನ್ನು ಹೆಜ್ಜೆ ಅನ್ನೋಣ. "ವಿರಾಮ: ಹೆಜ್ಜೆಗಳ ನಡುವೆ ಕಾಯುವ ಸಮಯ" ಎಂದು ಬರೆದರೆ ಸಾಲದು. ನಾನಾದರೆ ಹೀಗೆ ಬರೆಯುತ್ತೇನೆ: "ವಿರಾಮ: ಮಿಲಿಸೆಕೆಂಡುಗಳಲ್ಲಿ. ಡೀಫಾಲ್ಟ್ 300ರಿಂದ 1200. ಇವುಗಳ ನಡುವಿನ ಯಾವ ಸಂಖ್ಯೆ ಬೇಕಾದರೂ ಬರಬಹುದು, ಎಲ್ಲಕ್ಕೂ ಸಮಾನ ಅವಕಾಶ. ಹಿಂದಿನ ಹೆಜ್ಜೆಯ ಚಲನೆ ಪೂರ್ತಿ ನಿಂತ ಮೇಲೆ ಎಣಿಕೆ ಶುರು." ಇದರಲ್ಲಿ ಕೊನೆಯ ವಾಕ್ಯವೇ ಮುಖ್ಯ. ಪ್ಲೇರೈಟ್‌ನ ವೀಲ್ ಆದೇಶ ಸ್ಕ್ರಾಲ್ ಮುಗಿಯುವವರೆಗೆ ಕಾಯುವುದಿಲ್ಲ, ತಕ್ಷಣ ವಾಪಸ್ ಬರುತ್ತದೆ. ಎಣಿಕೆ ಯಾವಾಗ ಶುರು ಎಂದು ಹೇಳದಿದ್ದರೆ ಓದುವವರು ಊಹಿಸಬೇಕಾಗುತ್ತದೆ.

ಸಂಖ್ಯೆ ಕೊಟ್ಟ ಮೇಲೆ ಅದರ ಪರಿಣಾಮವನ್ನೂ ಲೆಕ್ಕ ಹಾಕಿ ತೋರಿಸಿ. ಪೇಜು 12,000 ಪಿಕ್ಸೆಲ್ ಉದ್ದ, ಪರದೆ 800, ಒಂದು ಹೆಜ್ಜೆ 400 ಪಿಕ್ಸೆಲ್. ಮೊದಲ 800 ಪಿಕ್ಸೆಲ್ ಆಗಲೇ ಕಾಣುತ್ತಿರುವುದರಿಂದ ಉಳಿದ 11,200ಕ್ಕೆ ಒಟ್ಟು 28 ಹೆಜ್ಜೆ. ಪ್ರತಿ ಹೆಜ್ಜೆಯ ನಂತರ ಸರಾಸರಿ ವಿರಾಮ 750 ಮಿಲಿಸೆಕೆಂಡ್ ಅಂದರೆ 21 ಸೆಕೆಂಡ್ ಸುಮ್ನೆ ಕಾಯುವುದಕ್ಕೇ ಹೋಗುತ್ತದೆ. ಪ್ಲೇರೈಟ್ ಟೆಸ್ಟ್‌ನಲ್ಲಿ ಒಂದು ಟೆಸ್ಟಿಗೆ ಡೀಫಾಲ್ಟ್ ಆಗಿ ಸಿಗುವುದು 30 ಸೆಕೆಂಡ್. ಉಳಿದ ಎಲ್ಲ ಕೆಲಸ 9 ಸೆಕೆಂಡಿನಲ್ಲಿ ಮುಗಿಯದಿದ್ದರೆ ಸಮಯ ಮೀರಿ ಟೆಸ್ಟ್ ನಿಂತುಬಿಡುತ್ತದೆ. ಟೈಮ್‌ಔಟ್ ಯಾಕೆ ಬಂತು ಎಂಬ ಪ್ರಶ್ನೆಗೆ ಈ ಲೆಕ್ಕವೇ ಉತ್ತರ.

ವಿರಾಮ ರ‍್ಯಾಂಡಮ್ ಆಗಿದ್ದರೆ ಸೀಡ್ (ಅದೇ ರ‍್ಯಾಂಡಮ್ ಸಂಖ್ಯೆಗಳು ಅದೇ ಕ್ರಮದಲ್ಲಿ ಮತ್ತೆ ಬರುವಂತೆ ಮಾಡುವ ಆರಂಭದ ಸಂಖ್ಯೆ) ಕೊಡುವ ಅವಕಾಶ ಇರಲೇಬೇಕು. ಪ್ರತಿ ಸಲ ಬಳಸಿದ ಸೀಡ್ ಲಾಗ್‌ನಲ್ಲಿ ಎಲ್ಲಿ ಸಿಗುತ್ತದೆ ಎಂದೂ ಬರೆಯಿರಿ. ಇಲ್ಲದಿದ್ದರೆ ನಿನ್ನೆ ಸೋತ ಟೆಸ್ಟನ್ನು ಇವತ್ತು ಅದೇ ವಿರಾಮಗಳೊಂದಿಗೆ ಮತ್ತೆ ಓಡಿಸಲು ಆಗುವುದಿಲ್ಲ.

ನಿಲ್ಲುವುದು ಯಾವಾಗ ಎಂಬುದು ಇನ್ನೊಂದು ದೊಡ್ಡ ವಿಷಯ. ಕೆಳಗೆ ಹೋದಷ್ಟೂ ಬೆಳೆಯುವ ಪೇಜುಗಳಿವೆ. ಎತ್ತರ ಬೆಳೆಯುವುದು ನಿಂತಾಗ ನಿಲ್ಲುತ್ತದೆಯೇ? ಎಷ್ಟು ಹೊತ್ತು ನೋಡಿ ಹಾಗೆ ತೀರ್ಮಾನಿಸುತ್ತದೆ? ಗರಿಷ್ಠ ದೂರ, ಗರಿಷ್ಠ ಸಮಯ ಇದೆಯೇ? ಇವುಗಳಲ್ಲಿ ಯಾವ ಕಾರಣಕ್ಕೆ ನಿಂತಿತು ಎಂದು ಟೂಲ್ ತಿಳಿಸುತ್ತದೆಯೇ? ಇವೆಲ್ಲಕ್ಕೂ ಉತ್ತರ ಬರೆದಿರಬೇಕು.

ಟೂಲ್ ಏನು ಮಾಡುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. "ಸೈಟಿಗೆ ಗೊತ್ತಾಗುವುದಿಲ್ಲ" ಎಂದು ಬರೆಯಬೇಡಿ. ವೆಬ್‌ಡ್ರೈವರ್ ಎಂಬ, ಬ್ರೌಸರನ್ನು ಪ್ರೋಗ್ರಾಮಿನಿಂದ ಓಡಿಸುವುದಕ್ಕಿರುವ ಮಾನದಂಡದ ಪ್ರಕಾರ, ತನ್ನನ್ನು ಪ್ರೋಗ್ರಾಮ್ ಓಡಿಸುತ್ತಿದೆ ಎಂದು ಬ್ರೌಸರ್ ತಾನೇ ಪೇಜಿಗೆ ತಿಳಿಸಬೇಕು. ಅದನ್ನು ಮರೆಮಾಚಲು ಸ್ಕ್ರಾಲ್ ಟೂಲ್ ಇರುವುದಲ್ಲ. ನಮ್ಮ ಪೇಜನ್ನು ನಾವು ಪರೀಕ್ಷಿಸಲು ಇದು ಇರುವುದು. ಬೇರೆಯವರ ಸೈಟಿನಲ್ಲಿ ಓಡಿಸುವವರು ಅಲ್ಲಿನ ನಿಯಮಗಳನ್ನೂ ರೋಬಾಟ್ಸ್ ಫೈಲನ್ನೂ (ಪ್ರೋಗ್ರಾಮುಗಳು ಸೈಟಿನಲ್ಲಿ ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು ಸೈಟಿನವರು ಬರೆದಿಡುವ ಫೈಲ್) ಮೊದಲು ನೋಡಲಿ ಎಂದು ಮೊದಲ ಪುಟದಲ್ಲೇ ಹೇಳಿ.

ಇನ್ನೊಂದು ಮಾತು. ಎಲ್ಲರೂ ಮೌಸ್ ವೀಲ್ ತಿರುಗಿಸುವುದಿಲ್ಲ. ಸ್ಪೇಸ್ ಬಾರ್ ಒತ್ತುವವರಿದ್ದಾರೆ, ಪೇಜ್ ಡೌನ್ ಬಳಸುವವರಿದ್ದಾರೆ, ಬೆರಳಿನಿಂದ ಎಳೆಯುವವರಿದ್ದಾರೆ. ಪರದೆ ನೋಡಲಾಗದೆ ಸ್ಕ್ರೀನ್ ರೀಡರ್‌ನಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗುವವರಿದ್ದಾರೆ. ಅವರೂ ಮನುಷ್ಯರೇ. ವೀಲ್ ಮಾತ್ರ ತಿರುಗಿಸುವ ಟೂಲ್ ಇವರ ಪರವಾಗಿ ಏನನ್ನೂ ಪರೀಕ್ಷಿಸಿಲ್ಲ. ಅದನ್ನು ಡಾಕ್ಯುಮೆಂಟೇಶನ್‌ನಲ್ಲಿ ಬರೆಯಿರಿ. ಕೀಬೋರ್ಡ್‌ಗೆ ಬೇರೆ ಟೆಸ್ಟ್ ಬೇಕು ಎಂದು ಹೇಳಿ, ಪಕ್ಕದಲ್ಲೇ ಓಡಿಸಿ ನೋಡಬಹುದಾದ ಒಂದು ಉದಾಹರಣೆ ಕೊಡಿ.